ಪಿಜ್ಜಾ ಹಿಟ್ಟು ಕಲಸಿಟ್ಟ ದಿನ ಮುಂಡಕ್ಕೈ ಸುದ್ದಿ ಬಂತು

ಉಣಕಲ್ ದಂಡಿ · ಆಗಸ್ಟ್ 4, 2024

ಜುಲೈ 30, ಮಂಗಳವಾರ, ಮಗಳ ಹುಟ್ಟುಹಬ್ಬ. ಒಂಬತ್ತು ತುಂಬಿತು. ಈ ಸಲ ಅಂಗಡಿಯದು ಬೇಡ, ಮನೆಯಲ್ಲೇ ಪಿಜ್ಜಾ ಮಾಡೋಣ ಅಂತ ಎಂಟು ದಿನದಿಂದ ಗಂಟು ಬಿದ್ದಿದ್ದಳು. ಅರ್ಧ ದಿನ ರಜೆ ಹಾಕಿ ಬಂದೆ. ಮೈದಾ, ಈಸ್ಟ್, ಚೀಸ್ ಎಲ್ಲಾ ಹಿಂದಿನ ದಿನವೇ ದುರ್ಗದಬೈಲ್‌ನಿಂದ ಬಂದಿತ್ತು. ಹೊರಗೆ ಜಿಟಿಜಿಟಿ ಮಳೆ.

ನಮ್ಮ ಅಡುಗೆಮನೆಯಿಂದ ಟಿವಿ ಕಾಣುತ್ತದೆ. ಮುಂಜಾನೆ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದಿದೆ, ಮುಂಡಕ್ಕೈ, ಚೂರಲ್‌ಮಲಾ ಅಂತ ಊರ ಹೆಸರು ಬರುತ್ತಿದ್ದವು, ಸತ್ತವರು ಹತ್ತೋ ಹನ್ನೆರಡೋ ಅಂತಿತ್ತು. ಹಿಟ್ಟು ಕಲಸುವ ಹೊತ್ತಿಗೆ ಅದು ಎಷ್ಟೋ ಪಟ್ಟು ಆಗಿತ್ತು. ಸಂಜೆ ಟೊಮೆಟೊ ಕುದಿಯುವಾಗ ನೂರರ ಹತ್ತಿರ. ಮಗಳು ಉಳ್ಳಾಗಡ್ಡಿ ಸುಲಿಯುತ್ತಿದ್ದವಳು ತಲೆ ಎತ್ತದೆ ಕೇಳಿದಳು, "ಪಪ್ಪಾ, ಈಗ ಎಷ್ಟಾತು?"

ಕ್ರಿಕೆಟ್ ಮ್ಯಾಚ್ ಇದ್ದಾಗ ಇದೇ ದನಿಯಲ್ಲಿ ಕೇಳುತ್ತಾಳೆ. ಅವಳನ್ನು ಬಯ್ಯೋ ಹಂಗಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕೈ ಒರೆಸಿಕೊಂಡು ಹೋಗಿ ಅದನ್ನೇ ನೋಡಿ ಬರುತ್ತಿದ್ದವನು ನಾನು. ಟಿವಿ ಆರಿಸಿದೆ. ಆಮೇಲೆ ಮೊಬೈಲಿನಲ್ಲಿ ನೋಡಿದೆ, ಅದು ಬೇರೆ ಮಾತು.

ಪಿಜ್ಜಾ ಆಯ್ತು. ಫೋಟೊ ಆಯ್ತು. ಸ್ಟೇಟಸ್‌ಗೆ ಹಾಕಲು ಹೋಗಿ ಹಾಕಲಿಲ್ಲ. ಹಾಕದೆ ಇದ್ದುದಕ್ಕೆ ನಾನೇನೋ ದೊಡ್ಡ ಮನುಷ್ಯ ಅನಿಸಿತಲ್ಲ, ಆಗ ನಾಚಿಕೆಯಾಯಿತು.

ಎರಡು ಕೇಳುವುದಿತ್ತು. ಇಂಥ ದಿನ ನಿಮ್ಮ ಮನೆಯಲ್ಲಿ ಮಕ್ಕಳಿಗೆ ಏನು ಹೇಳುತ್ತೀರಿ? ಇನ್ನೊಂದು, ಸಣ್ಣದು: ನನ್ನ ಹಿಟ್ಟು ಎರಡು ತಾಸಾದರೂ ಉಬ್ಬಲೇ ಇಲ್ಲ. ಬೇಸ್ ಇತ್ತ ಕಡಕ್ ರೊಟ್ಟಿಯೂ ಅಲ್ಲ, ಅತ್ತ ಚಪಾತಿಯೂ ಅಲ್ಲ. ನಮ್ಮವ್ವ ಒಂದು ತುಂಡು ತಿಂದು "ಇದಕ್ಕ ಹಚ್ಚಿಕೊಳ್ಳಾಕ ಏನೈತಿ?" ಅಂದಳು.

ಸಪ್ತಾಪುರದ ಮಾಸ್ತರ · ಆಗಸ್ಟ್ 4

ಪಿಜ್ಜಾ ನನಗ ತಿಳಿಯೂದಿಲ್ಲ. ಮೊಮ್ಮಗ ತರಿಸ್ತಾನ, ಅವ ಬಿಟ್ಟ ಅಂಚು ನಾ ತಿಂತೀನಿ. ಮೂವತ್ತು ವರ್ಷ ಭೂಗೋಳ ಕಲಿಸಿದವನಾಗಿ ಮೊದಲನೇದಕ್ಕಷ್ಟ ಹೇಳ್ತೀನಿ.

ಮಕ್ಕಳಿಗೆ ಸಂಖ್ಯೆ ಹೇಳೂದರಕಿಂತ ಜಾಗ ತೋರಸ್ರಿ. ಗುಡ್ಡ ಜರದದ್ದು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಾಗ. ಇಸ್ರೋದವರ ಉಪಗ್ರಹ ಚಿತ್ರದ ಪ್ರಕಾರ ಕುಸದ ಜಾಗ 86,000 ಚದರ ಮೀಟರ್. ನಮ್ಮ ಲೆಕ್ಕದಾಗ ಇಪ್ಪತ್ತೊಂದು ಎಕರೆ ಹೊಲ. ಒಬ್ಬ ಒಕ್ಕಲಿಗನ ಇಡೀ ಜಮೀನು ಕಲ್ಲು-ಮರ ಕಟಗೊಂಡು, ನಡುರಾತ್ರಿ ದಾಟಿದ ಮ್ಯಾಲ, ಎಂಟು ಕಿಲೋಮೀಟರ್ ಕೆಳಗ ಹರದು ಬಂತು ಅಂತ ತಿಳೀರಿ. ಅಲ್ಲಿ ಎರಡು ದಿನಕ್ಕ 572 ಮಿಲಿಮೀಟರ್ ಮಳಿ ಬಿತ್ತು ಅಂತಾರ. ಗದಗ ಜಿಲ್ಲೆಗೆ ಇಡೀ ವರ್ಷಕ್ಕ ಬೀಳೂದು ಹೆಚ್ಚುಕಡಿಮಿ ಅಷ್ಟ. ಆ ವೈತಿರಿ ತಾಲೂಕನ್ನ, ಪಶ್ಚಿಮ ಘಟ್ಟದ ಅಭ್ಯಾಸಕ್ಕ ನೇಮಿಸಿದ್ದ ಮಾಧವ ಗಾಡ್ಗೀಳ್ ಸಮಿತಿ 2011ರಾಗನ ಪರಿಸರ ಸೂಕ್ಷ್ಮ ವಲಯ ಅಂತ ಗುರ್ತು ಹಾಕಿತ್ತು. ಐದು ವರ್ಷದ ಹಿಂದ, 2019ರ ಆಗಸ್ಟ್‌ನಾಗ, ಅದರ ಮಗ್ಗಲಿನ ಪುತ್ತುಮಲಾ ಕುಸದಿತ್ತು. ಈಗ ಗುರ್ತು ಸಿಗದ ಹೆಣ ಹೂಳಾಕತ್ತಿರೂದೂ ಅದ ಪುತ್ತುಮಲಾದಾಗ. ಹೆಸರಿನ ಜಾಗಾದಾಗ ನಂಬರ್ ಬರದು ಇಡ್ತಾರ, ಡಿಎನ್ಎ ಹೊಂದಿದ ದಿನ ಹೆಸರು ಬರೀತಾರ.

ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ನೆಲೆಸಿದವರೂ ಅಲ್ಲಿ ತೀರಿಕೊಂಡಾರ. ಅಲ್ಲಿ ಹೊಳಿ ಮ್ಯಾಲ 190 ಅಡಿ ಬೇಯ್ಲಿ ಸೇತುವೆ, ಅಂದ್ರ ಉಕ್ಕಿನ ತುಂಡು ಜೋಡಿಸಿ ಲಗೂನ ನಿಲ್ಲಸೂ ಸೇತುವೆ, ಕಟ್ಟಿದವರು ನಮ್ಮ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಸೈನಿಕರು. ಮಗಳಿಗೆ ಇದನ್ನೂ ಹೇಳ್ರಿ.

ಒಲಿ ಮುಂದಿನ ಮಾತು · ಆಗಸ್ಟ್ 4

ಉಣಕಲ್ಲಿನ ತಮ್ಮಾ, ಒಂದು ಕೇಳ್ತೀನಿ, ಖರೇ ಹೇಳು. ಹಿಟ್ಟಿಗೆ ಹಾಕಿದ ನೀರು ಎಷ್ಟು ಬಿಸಿ ಇತ್ತು?

ಉಣಕಲ್ ದಂಡಿ · ಆಗಸ್ಟ್ 4

ಅಕ್ಕಾರ, ಸಿಕ್ಕಿಬಿದ್ದೆ. ನಾನು ಉಗುರುಬೆಚ್ಚಗಿನ ನೀರೇ ಇಟ್ಟಿದ್ದೆ. ಫೋನ್ ಬಂತು ಅಂತ ಹೊರಗೆ ಹೋದೆ. ನಮ್ಮವ್ವ ಬಂದು "ಎಸರು ಹಾಕಲಾರದ ಹಿಟ್ಟು ಎಲ್ಲಿ ಒಂದಕ್ಕೊಂದು ಹತ್ತತೈತಿ" ಅಂತ ಕುದಿಯೋ ನೀರು ಸುರಿದು ಸೌಟಿಲೆ ತಿರುವಿಬಿಟ್ಟಿದ್ದಳು. ನನಗೆ ಗೊತ್ತಾದದ್ದು ಮರುದಿನ.

ಒಲಿ ಮುಂದಿನ ಮಾತು · ಆಗಸ್ಟ್ 5

ಹಂಗನ್ನು ಮತ್ತ! ನಿಮ್ಮವ್ವಾರದು ತಪ್ಪಿಲ್ಲ, ಅವರ ಕೈ ಜ್ವಾಳದ ಕೈ. ಜ್ವಾಳದ ಹಿಟ್ಟಿನಾಗ ಜಿಗಿ ಇರೂದಿಲ್ಲ, ಅದಕ್ಕ ಎಸರು ಬೇಕ. ಬಿಸಿನೀರಿಗೆ ಹಿಟ್ಟು ಅರೆಬೆಂದು ಒಂದಕ್ಕೊಂದು ಹಿಡಕೋತದ, ಆಮ್ಯಾಲ ಬಡದ್ರ ಹರಿಯೂದಿಲ್ಲ. ಮೈದಾದಾಗ ಜಿಗಿ ತಾನ ಇರ್ತದ, ನಾದಿದಷ್ಟೂ ಎಳೀತದ. ಅದಕ್ಕ ಎಸರು ಹಾಕಿದ್ರ ಈಸ್ಟ್ ಸುಟ್ಟು ಸತ್ತು ಹೋಗ್ತದ. ಸತ್ತ ಈಸ್ಟ್ ಎರಡು ತಾಸಲ್ಲ, ಎರಡು ದಿನ ಇಟ್ರೂ ಏಳೂದಿಲ್ಲ.

ನಾ ಮಾಡೂದು ಹಿಂಗ. ಮೈದಾ 300 ಗ್ರಾಂ, ನೀರು 190 ಮಿಲಿ, ಇನ್‌ಸ್ಟಂಟ್ ಈಸ್ಟ್ ಒಂದು ಸಣ್ಣ ಚಮಚ, ಉಪ್ಪು ಒಂದು ಸಣ್ಣ ಚಮಚ, ಚೂರು ಸಕ್ರಿ. ನೀರಿನಾಗ ಬೊಟ್ಟಿಟ್ರ ಹಿತ ಅನಿಸಬೇಕು, ಅಷ್ಟ ಬಿಸಿ. ಮೊದಲ ಅಂಟಂಟು ಆಗ್ತದ, ಹೆದರಿ ಮ್ಯಾಲ ಮ್ಯಾಲ ಒಣಹಿಟ್ಟು ಉದುರಿಸಬ್ಯಾಡ. ಹತ್ತು ನಿಮಿಷ ಅಂಗೈ ಬುಡದಿಂದ ದೂಡಿ ದೂಡಿ ನಾದು, ಹೋಳಿಗಿ ಕಣಕದಗತೆ ಮೆತ್ತಗಾಗ್ತದ. ಎಣ್ಣಿ ಸವರಿ ಮುಚ್ಚಿಡು. ಬ್ಯಾಸಿಗ್ಯಾಗ ಮುಕ್ಕಾಲು ತಾಸು ಸಾಕು. ಈ ಶ್ರಾವಣದ ಥಂಡಿಗೆ ಎರಡು ತಾಸರ ಬೇಕು. ನಾ ಒಲಿ ಕಟ್ಟಿ ಮ್ಯಾಲ, ಹಾಲು ಕಾಸಿದ ಪಾತೇಲಿ ಮಗ್ಗಲಿಗೆ ಇಡ್ತೀನಿ.

ಓವನ್ ಇಲ್ಲಂದ್ರೂ ನಡೀತದ. ರೊಟ್ಟಿ ಹಂಚು ಚೊಲೋ ಕಾಯಿಸಿ, ಕೈಯಿಂದ ಅಗಲ ಮಾಡಿದ ಬೇಸ್ ಹಾಕು. ಮ್ಯಾಲ ಗುಳ್ಳಿ ಎದ್ದಕೂಡ್ಲೆ ತಿರುವಿ ಹಾಕು. ಬೆಂದ ಮಗ್ಗಲಕ್ಕ ಸಾಸ್, ಚೀಸ್, ಕಾಯಿಪಲ್ಯ. ಮುಚ್ಚಳ ಮುಚ್ಚಿ ಸಣ್ಣ ಉರಿಯೊಳಗ ಆರೇಳು ನಿಮಿಷ. ಸಾಸಿನಾಗ ನೀರು ಉಳೀಬಾರದು. ಡಬ್ಬು ಮೆಣಸಿನಕಾಯಿ, ಉಳ್ಳಾಗಡ್ಡಿ ಹಸೇದು ಹಾಕಿದ್ರ ನೀರು ಬಿಟ್ಟು ನಡುವ ರಾಡಿ ಆಗ್ತದ, ಒಂದು ಕೈ ಬಾಡಿಸಿಕೋ.

ಮೊದಲನೇ ಪ್ರಶ್ನೆಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲಪಾ.

ಸುಮ್ಮನ ಒಬ್ಬ · ಆಗಸ್ಟ್ 5

ಅಲ್ಲಿ ಇನ್ನೂ ಮಣ್ಣೊಳಗಿಂದ ಹೆಣ ತಗೀಲಿಕತ್ತಾರ. ಇಲ್ಲಿ ಚೀಸು, ಡಬ್ಬು ಮೆಣಸಿನಕಾಯಿ. ನಾಚಿಕಿ ಅನ್ನೂದು ಇರಬೇಕು ಮನುಷ್ಯಾಗ.

ಒಲಿ ಮುಂದಿನ ಮಾತು · ಆಗಸ್ಟ್ 5

ಅಣ್ಣಾರ, ಸತ್ತವರ ಮನ್ಯಾಗ ಒಲಿ ಹಚ್ಚೂದಿಲ್ಲ. ಅವತ್ತು ರೊಟ್ಟಿ-ಝುಣಕಾ ಮಗ್ಗಲ ಮನಿಯಿಂದ ಬರ್ತದ. ಮಗ್ಗಲ ಮನ್ಯಾಗೂ ಒಲಿ ಆರಿಸಿ ಕುಂತ್ರ ಅವರು ಏನು ಉಣ್ಣಬೇಕು? ನಾ ಬೆಟಗೇರ್ಯಾಗ ಇರಾಕಿ, ವಯನಾಡಿಗೆ ನನ್ನ ರೊಟ್ಟಿ ಮುಟ್ಟೂದಿಲ್ಲ, ಒಪ್ಪಿದೆ. ಹಂಗಂತ ಹುಟ್ಟುಹಬ್ಬದ ಕೂಸಿನ್ನ ಉಪವಾಸ ಕೆಡವಬೇಕೇನು?

ಬ್ಯಾಡಗಿ ಕಡ್ಡಿ · ಆಗಸ್ಟ್ 5

ಇಬ್ಬರೂ ಸ್ವಲ್ಪ ತಣ್ಣಗಾಗ್ರಿ. ಪಿಜ್ಜಾದ ಮ್ಯಾಲ ಉದುರಿಸೋ ಚಿಲ್ಲಿ ಫ್ಲೇಕ್ಸ್ ಪೊಟ್ಟಣ ರೊಕ್ಕ ಕೊಟ್ಟು ತರಬ್ಯಾಡ್ರಿ. ನಮ್ಮ ಬ್ಯಾಡಗಿ ಕಾಯಿ ಬಿಸಿಲಿಗೆ ಒಣಗಿಸಿ, ಬೀಜ ತಗದು, ತರಿತರಿ ಕುಟ್ಟಿಕೊಳ್ರಿ. ಬಣ್ಣ ಕೆಂಪಗ, ಖಾರ ಕಡಿಮಿ, ಹುಡುಗರಿಗೂ ನಡೀತದ. ಸಾಸಿಗೆ ಬ್ಯಾಡಗಿಯೊಳಗಿನ ಡಬ್ಬಿ ತಳಿಯ ದಪ್ಪ ಒಣ ಕಾಯಿ ಎರಡು ನೆನಸಿ ರುಬ್ಬಿ ಹಾಕಿದ್ರ ಬಣ್ಣಕ್ಕ ಮತ್ತೇನೂ ಬೇಕಿಲ್ಲ.

ಸಹಾಯದ ಮಾತು ಬಂದದ್ದಕ್ಕ ಒಂದು. 2019ರ ಮಳ್ಯಾಗ ಹಾನಗಲ್ ಕಡೆ ಗ್ವಾಡಿ ಬಿದ್ದವರಿಗೆ ಅಂತ ಬಂದ ಅರಿಬಿ ಗಂಟು ಬಿಚ್ಚೂ ಕೆಲಸ ನನಗ ಬಂದಿತ್ತು. ಸಾಲಿ ಖೋಲ್ಯಾಗ ಕುಂತು ನಾಲ್ಕು ದಿನ ಬಿಚ್ಚೀವಿ. ಗುಂಡಿ ಇಲ್ಲದ ಅಂಗಿ, ಹರದ ಸೀರಿ, ಒಂದು ಕಾಲಿನ ಬೂಟು, ಮದವಿಗೆ ಹಾಕೂ ಜರಿ ಕೋಟು ಒಂದು. ಒಂದು ಗಂಟಿನಾಗ ಮಾತ್ರ ಹೊಸಾ ಒಳ ಅರಿಬಿ, ಹೆಣ್ಮಕ್ಕಳ ಪ್ಯಾಡು, ಒಂದು ಬಾಚಣಿಗಿ, ಕೊಬ್ರಿ ಎಣ್ಣಿ. ಆ ಗಂಟು ಕಟ್ಟಿದಾಕಿ ಯಾರೋ, ಮನಿ ಕಳಕೊಂಡು ಗೊತ್ತಿದ್ದಾಕೀನ ಇರಬೇಕು. ವಯನಾಡಿಗೆ ಕಳಸವರು ದಯಮಾಡಿ ಮನಿ ಸ್ವಚ್ಛ ಮಾಡೂದಕ್ಕ ಕಳಸಬ್ಯಾಡ್ರಿ.

ಮಲಪ್ರಭಾ ಹೊಳಿಸಾಲು · ಆಗಸ್ಟ್ 6

ಮೂರು ದಿನದಿಂದ ಓದಾಕತ್ತೀನಿ. ಬರೀಬೇಕೋ ಬ್ಯಾಡೋ ಅಂತ ಇತ್ತು.

ನಮ್ಮೂರು ರೋಣ ತಾಲೂಕಿನಾಗ, ಹೊಳೆಆಲೂರ ಸಮೀಪ. 2009ರಾಗ ನಾ ಪಿಯುಸಿ. ಬನ್ನಿ ಮುಡದ ಮರುದಿನ ಹಿಡದ ಮಳಿ ಬಿಡಲಿಲ್ಲ. ಅತ್ತಲಿಂದ ಬೆಣ್ಣಿಹಳ್ಳ, ಇತ್ತಲಿಂದ ಮಲಪ್ರಭಾ. ರಾತ್ರಿ ಎರಡರ ಸುಮಾರಿಗೆ ನೀರು ಹಿತ್ತಲಕ್ಕ ಬಂತು, ನಸುಕಿನಾಗ ಪಡಸಾಲಿಗೆ. ಎತ್ತು ಬಿಚ್ಚಿ ಬಿಟ್ಟು, ಅವ್ವ ಹಿಟ್ಟಿನ ಡಬ್ಬಿ ತಲಿಮ್ಯಾಲ ಹೊತಗೊಂಡು, ಎಲ್ಲಾರೂ ಗುಡಿ ಕಟ್ಟಿ ಮ್ಯಾಲ ಹೋಗಿ ಕುಂತಿವಿ. ನಮ್ಮದು ಮಣ್ಣಿನ ಮ್ಯಾಳಗಿ ಮನಿ. ಬಿದ್ದದ್ದು ಮೂರನೇ ದಿನ, ಮಳಿ ನಿಂತು ಬಿಸಿಲು ಬಿದ್ದ ಮ್ಯಾಲ. ಮಣ್ಣಿನ ಗ್ವಾಡಿ ನೆನದಾಗಷ್ಟ ಅಲ್ಲ, ಒಣಗಾಕತ್ತಿದಾಗೂ ಬೀಳತೈತಿ.

ಆ ವಾರ ಕರ್ನಾಟಕದಾಗ ಇನ್ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ನಮ್ಮೂರಾಗ ಒಬ್ಬರೂ ಸಾಯಲಿಲ್ಲ. ಹಂಗಾಗಿ ನಮ್ಮೂರು ಟಿವಿಯೊಳಗ ಬರಲೇ ಇಲ್ಲ. ಟಿವಿಯವರು ಒಬ್ಬರು ಬಂದಿದ್ದರು, "ಡೆತ್ ಎಷ್ಟು?" ಅಂತ ಕೇಳಿದರು, "ಇಲ್ರಿ" ಅಂದಿವಿ, ಗಾಡಿ ತಿರುಗಿಸಿಕೊಂಡು ಹೋದರು. ಉಣಕಲ್ಲಿನ ಅಣ್ಣಾರ, ನಿಮ್ಮ ಮಗಳು ಕೇಳಿದ್ದು ಓದಿ ನನಗ ಅವರ ನೆನಪಾದರು.

ನಮ್ಮ ಮುತ್ಯಾನ ಜ್ವಾಳದ ಹಗೇವು ಇತ್ತು ಅಂಗಳದಾಗ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಎರಿ ನೆಲದಾಗ ಆಳುದ್ದ ತಗ್ಗು ತೋಡಿ, ಒಳಗ ಹೊಟ್ಟು-ಕಣಿಕಿ ಹಾಸಿ, ಜ್ವಾಳ ತುಂಬಿ ಬಾಯಿ ಮುಚ್ಚಿಡೂದು. ನೀರಿಳದ ಎಂಟೊಂಬತ್ತು ದಿನಕ್ಕ ಬಾಯಿ ತಗದಿವಿ. ಹಗೇವು ತಗದಕೂಡ್ಲೆ ಯಾರೂ ಇಳಿಯೂದಿಲ್ಲ, ಮೊದಲ ಹಗ್ಗ ಕಟ್ಟಿ ಕಂದೀಲು ಬಿಡ್ತಾರ. ಬಿಟ್ಟಿವಿ. ಅರ್ಧಕ್ಕ ಹೋಗೂದ್ರಾಗ ಕಂದೀಲು ಆರಿತು. ಹುಳಿ ಹುಳಿ ಬಿಸಿ ವಾಸನಿ ಮ್ಯಾಲೆದ್ದು ಮಾರಿಗೆ ಬಡೀತು. ಒಳಗ ಜ್ವಾಳ ಹುದಗಿ, ಉಬ್ಬಿ, ಬಿಳಿ ಬೂಸರ ಹಿಡದಿತ್ತು. ಮುತ್ಯಾ ಒಂದು ಮಾತೂ ಆಡಲಿಲ್ಲ. ಬಾಯಿ ಹಂತ್ಯಾಕ ಕುಂತು ಕೈಯಾಗ ಒಂದು ಮುಷ್ಟಿ ಹಿಡಕೊಂಡಿದ್ದ, ಸಂಜಿ ತನಕ ಹಿಡಕೊಂಡ ಕುಂತಿದ್ದ.

ತಗಡಿನ ಶೆಡ್ಡಿನಾಗ ಇದ್ದಿವಿ. ಜನವರ್ಯಾಗ ಮುತ್ಯಾ ಹೋದ. ರೋಗ ಏನೂ ಇರಲಿಲ್ಲ. ರಾತ್ರಿ ಥಂಡಿ, ಹಗಲು ತಗಡಿನ ಕಾವು, ಊಟ ಬಿಟ್ಟಿದ್ದ. ಅವ ಯಾವ ಪಟ್ಟ್ಯಾಗೂ ಇಲ್ಲ.

ಈಗ ನಾ ಹುಬ್ಬಳ್ಯಾಗ ಇರ್ತೀನಿ. ಹೋದ ವರ್ಷ ನನ್ನ ಹೆಂಡತಿ ಪಿಜ್ಜಾ ಮಾಡ್ತೀನಂತ ಹಿಟ್ಟು ಕಲಸಿ ಮುಚ್ಚಿಟ್ಟಿದ್ದಳು. ಕೆಲಸದಿಂದ ಬಂದು ಮುಚ್ಚಳ ತಗದೆ. ಅದ ವಾಸನಿ. ತಿರುಗಿ ಬಾಗಿಲಿಗೆ ಬಂದು ನಿಂತೆ. ಏನಾತು ಅಂದಳು, ತಲಿನೋವು ಅಂದೆ. ಅವತ್ತಿನಿಂದ ನಮ್ಮ ಮನ್ಯಾಗ ಈಸ್ಟ್ ತಂದಿಲ್ಲ. ಯಾಕಂತ ಆಕಿಗೆ ಇನ್ನೂ ಹೇಳಿಲ್ಲ, ನಿಮಗ ಮೊದಲು ಹೇಳಾಕತ್ತೀನಿ.

ಸುಮ್ಮನ ಒಬ್ಬ ಅಣ್ಣಾರಿಗೆ: ನೀವು ಪಿಜ್ಜಾ ತಿಂದದ್ದಕ್ಕ ನಮಗ ಸಿಟ್ಟು ಬರೂದಿಲ್ರಿ. ಗಂಜಿ ಕೇಂದ್ರದಾಗ ಇದ್ದಾಗ ಹುಬ್ಬಳ್ಳಿ ಕಡೆಯಿಂದ ಒಂದು ಟೆಂಪೋ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಂತು. ಕಳಸಿದವರು ಯಾರಂತ ಗೊತ್ತಿಲ್ಲ. ರೊಟ್ಟಿ ಮ್ಯಾಲ ಬಡದವರ ಬೊಟ್ಟಿನ ಗುರ್ತು ಇದ್ದುವು. ಒಂದೊಂದರ ಮ್ಯಾಲ ಒಂದೊಂದು ನಮೂನಿ. ಇದು ಸಣ್ಣ ಕೈ, ಇದು ದೊಡ್ಡ ಕೈ ಅಂತ ನಾನೂ ನನ್ನ ತಂಗಿ ಗುರ್ತು ಹಿಡೀತಿದ್ದಿವಿ.

ಸುಮ್ಮನ ಒಬ್ಬ · ಆಗಸ್ಟ್ 6

ನನ್ನ ಮಾತು ವಾಪಸ್ ತಗೋತೀನಿ. ಆ ದಿನಗಳಾಗ ನಮ್ಮ ಓಣಿಯಿಂದನೂ ರೊಟ್ಟಿ ಹೋಗಿದ್ದುವು. ನಮ್ಮವ್ವ ಬಡದಿದ್ದಳು. ಆಕಿ ಈಗಿಲ್ಲ.

ಒಲಿ ಮುಂದಿನ ಮಾತು · ಆಗಸ್ಟ್ 6

ಹೊಳಿಸಾಲಿನ ತಮ್ಮಾ, ಹೆಂಡತಿಗೆ ಹೇಳು. ಇಲ್ಲಿ ಬರದಂಗ ಹೇಳು.

ಬ್ಯಾಡಗಿ ಕಡ್ಡಿ · ಆಗಸ್ಟ್ 6

ಆ ಪ್ರವಾಹದಾಗ ಮನಿ ಕಳಕೊಂಡವರಿಗಂತ ಕಟ್ಟಿದ ನವಗ್ರಾಮದ ಮನಿ ಸಿಗಲಿಲ್ಲೇನ್ರಿ ನಿಮಗ?

ಮಲಪ್ರಭಾ ಹೊಳಿಸಾಲು · ಆಗಸ್ಟ್ 7

ಸಿಕ್ಕಿತ್ರಿ. ಆಸರೆ ಯೋಜನೆಯೊಳಗ ಕಟ್ಟಿದ್ದು. ಎತ್ತು-ಎಮ್ಮಿ ಕಟ್ಟಾಕ ಜಾಗ ಇಲ್ಲ, ಕಣಿಕಿ ಬಣವಿ ಒಟ್ಟಾಕ ಜಾಗ ಇಲ್ಲ, ಹೊಲ ದೂರ. ಭಾಳ ಮಂದಿ ಹಳೇ ಊರಿಗೆ ವಾಪಸ್ ಬಂದು ಗ್ವಾಡಿ ಎಬ್ಬಿಸಿದರು, ನಮ್ಮಪ್ಪನೂ. 2019ರ ಆಗಸ್ಟ್‌ನಾಗ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮತ್ತ ಬಂತಲ್ಲ, ಅವತ್ತು ಎದ್ದು ಹೋದವರು ತಿರುಗಿ ಬಂದಿಲ್ಲ. ಹಳೇ ಮನಿ ಜಾಗಾದಾಗ ಈಗ ಜಾಲಿ ಬೆಳದಾವು.

ಸಪ್ತಾಪುರದ ಮಾಸ್ತರ · ಆಗಸ್ಟ್ 8

ಕಂದೀಲು ಆರಿದ ಮಾತು ಓದಿ ಸುಮ್ಮನ ಇರಲಿಕ್ಕೆ ಆಗಲಿಲ್ಲ. ಹಗೇವಿನಾಗ ತುಂಬಿದ್ದು ಇಂಗಾಲದ ಡೈಆಕ್ಸೈಡು. ಹಿಟ್ಟು ಉಬ್ಬಿಸೂದೂ ಅದ. ಆ ಅನಿಲಕ್ಕ ವಾಸನಿ ಇಲ್ಲ, ಅದರ ಜೋಡಿ ಏಳೂ ಹುದಗಿದ ಹುಳಿ ವಾಸನಿ ಎರಡೂ ಕಡೆ ಇರ್ತದ. ನೀವು ಮುಚ್ಚಳ ತಗದು ಹಿಂದ ಸರದದ್ದು ಬರೇ ನೆನಪಲ್ಲ, ಮೂಗು ಖರೇನ ಆ ವಾಸನಿ ಗುರ್ತು ಹಿಡದದ.

ಪಿಜ್ಜಾ ಊರಿನ ಒಂದು ಕತಿ ಹೇಳ್ತೀನಿ, ಇದು ಮಾಸ್ತರಗಿಯ ಚಟ, ಕ್ಷಮಿಸ್ರಿ. ನೇಪಲ್ಸ್ ಊರಿನಿಂದ ಕಾಣೂ ವೆಸೂವಿಯಸ್ ಬೆಟ್ಟ ಕ್ರಿ.ಶ. 79ರಾಗ ಸಿಡದು ಪಾಂಪೇ ಮುಚ್ಚಿತಲ್ಲ, ಅಲ್ಲಿ ಒಂದು ಬೇಕರಿ ಒಲಿಯೊಳಗ 81 ರೊಟ್ಟಿ ಸಿಕ್ಕುವು. ಸುಟ್ಟು ಇದ್ದಲಿ ಆಗ್ಯಾವ, ಆಕಾರ ಹಂಗ ಅದ. ದುಂಡಗ, ಮ್ಯಾಲ ಎಂಟು ಭಾಗದ ಗೆರಿ, ಈಗಿನ ಪಿಜ್ಜಾ ಕೊಯ್ಯೂ ಹಂಗ. ಹೋದ ವರ್ಷ, 2023ರಾಗ, ಅಲ್ಲೇ ಒಂದು ಗ್ವಾಡಿ ಚಿತ್ರ ಸಿಕ್ಕಿತು, ತಾಟಿನಾಗ ಪಿಜ್ಜಾದಂಥಾ ರೊಟ್ಟಿ. ಟೊಮೆಟೊ ಆಗಿನ್ನೂ ಅಮೆರಿಕದಿಂದ ಬಂದಿರಲಿಲ್ಲ, ಹಂಗಾಗಿ ಪಿಜ್ಜಾ ಅನ್ನಲಿಕ್ಕೆ ಬರೂದಿಲ್ಲ. ಒಲಿಯೊಳಗಿನ ರೊಟ್ಟಿ ಎಣಿಸಿ ಮುಗಿಸ್ಯಾರ. ಸತ್ತವರನ್ನ ಇನ್ನೂ ಎಣಿಸಿ ಮುಗದಿಲ್ಲ, ಊರಿನ ಮೂರನೇ ಒಂದು ಪಾಲು ಇವತ್ತಿಗೂ ಬೂದಿಯೊಳಗ ಅದ.

ಉಣಕಲ್ ದಂಡಿ · ಆಗಸ್ಟ್ 11

ಎಲ್ಲರಿಗೂ ನಮಸ್ಕಾರ. ಇವತ್ತು ರವಿವಾರ, ಮತ್ತೆ ಮಾಡಿದೆವು. ಅವ್ವನನ್ನು ಒಲೆಯಿಂದ ದೂರ ಕೂರಿಸಿ ಬಳ್ಳೊಳ್ಳಿ ಸುಲಿಯುವ ಕೆಲಸ ಕೊಟ್ಟೆ. ಅಕ್ಕಾರು ಹೇಳಿದ ಅಳತೆ, ಅಂಗೈ ಬುಡದಿಂದ ಹತ್ತು ನಿಮಿಷ. ಉಬ್ಬಿತು! ಮಗಳು ಬೊಟ್ಟು ಚುಚ್ಚಿ ಚುಚ್ಚಿ ನೋಡಿದಳು. ಹಂಚಿನ ಮೇಲೆ ಮೊದಲನೆಯದು ಒಂದು ಕಡೆ ಕರಕಲಾಯಿತು, ಎರಡನೆಯದು ಚೊಲೋ ಬಂತು. ಬ್ಯಾಡಗಿ ಪುಡಿ ಉದುರಿಸಿದ ಮೇಲೆ ಅವ್ವ ಎರಡು ತುಂಡು ತಿಂದು, "ಝುಣಕಾ ಇದ್ದಿದ್ರ ಭೇಷಿತ್ತು" ಅಂದಳು. ಅದು ಅವಳ ಸರ್ಟಿಫಿಕೇಟ್.

ಮಾಸ್ತರ ಹೇಳಿದಂತೆ ನಕಾಶೆ ತೆಗೆದು ತೋರಿಸಿದೆ. ಆ ನೀರು ಎಲ್ಲಿಗೆ ಹೋಯಿತು ಅಂತ ಕೇಳಿದಳು. ಚಾಲಿಯಾರ್ ಹೊಳೆಗೆ, ಅಲ್ಲಿಂದ ನಿಲಂಬೂರ್ ಕಡೆಗೆ ಅಂದೆ. ಆ ಹೊಳೆಯಲ್ಲಿ ಏನೇನು ಸಿಕ್ಕಿತು ಅನ್ನುವುದನ್ನು ಹೇಳಲಿಲ್ಲ. ಹೊಳೆಯ ದಂಡೆಗಿದ್ದ ವೆಳ್ಳಾರ್ಮಲಾ ಶಾಲೆಯ ಫೋಟೊ ಪೇಪರಿನಲ್ಲಿ ಅವಳೇ ನೋಡಿದ್ದಳು. "ಅಲ್ಲಿ ನನ್ನ ಕ್ಲಾಸಿನವರೂ ಇದ್ದರೇನು?" ಅಂದಳು. ಇದ್ದರು ಅಂದೆ. ಎಷ್ಟು ಅಂತ ಈ ಸಲ ಕೇಳಲಿಲ್ಲ.

ಸಪ್ತಾಪುರದ ಮಾಸ್ತರ · ಸೆಪ್ಟೆಂಬರ್ 28, 2024

ಹಳೇ ಮಾತು ಮತ್ತ ತಗೀತೀನಿ. ಅಂಕೋಲಾ ಹತ್ತರ ಶಿರೂರಿನಾಗ ಜುಲೈ 16ಕ್ಕ ಗುಡ್ಡ ಕುಸದು ಗಂಗಾವಳಿ ಪಾಲಾದ ಕೇರಳದ ಲಾರಿ ಮೊನ್ನೆ 25ಕ್ಕ ಸಿಕ್ಕಿತು, 71 ದಿನಕ್ಕ. ಚಾಲಕನ ಅವಶೇಷ ಕ್ಯಾಬಿನ್‌ನಾಗ ಇತ್ತು. ಒಂದು ಆಟಿಕಿ ಲಾರಿನೂ ಇತ್ತಂತ. ರಸ್ತೆ ಬದಿ ಚಹಾ ಅಂಗಡಿ ಇಟ್ಟಿದ್ದ ಗಂಡ-ಹೆಂಡತಿ-ಮಕ್ಕಳು ಮೊದಲ ದಿನಾನ ಹೋಗಿದ್ದರು. ಊರಿನ ಇಬ್ಬರು ಇನ್ನೂ ಸಿಕ್ಕಿಲ್ಲ. ಹೆದ್ದಾರಿ ಅಗಲ ಮಾಡಲಿಕ್ಕೆ ಗುಡ್ಡದ ಕಾಲು ನೆಟ್ಟಗ ಕಡದಿದ್ದರು. ಅದನ್ನ ನಿಸರ್ಗ ವಿಕೋಪ ಅಂತ ಬರೀಲಿಕ್ಕೆ ನನ್ನ ಪೆನ್ನು ಏಳೂದಿಲ್ಲ.

ಹುಡುಗಿಗೆ ಇದೊಂದು ನಕಾಶೆ ತೋರಸ್ರಿ. ನಮ್ಮ ಧಾರವಾಡದ ಸೋಮೇಶ್ವರ ಗುಡಿ ಹತ್ತರ ಹುಟ್ಟೂ ಶಾಲ್ಮಲಾ, ಕಲಘಟಗಿ ಕಡೆ ಬೇಡ್ತಿ ಕೂಡಿ, ಮಾಗೋಡಿನಾಗ ಧುಮುಕಿ, ಮುಂದ ಗಂಗಾವಳಿ ಅಂತ ಆ ಶಿರೂರು ಮುಂದನ ಹರೀತದ. ನಮ್ಮ ದಿಬ್ಬದ ಆ ಮಗ್ಗಲಿಗೆ ಬಿದ್ದ ಮಳಿ ಬೆಣ್ಣಿಹಳ್ಳ ಹಿಡದು, ನವಲಗುಂದ ದಾಟಿ ಮಲಪ್ರಭಾ ಸೇರ್ತದ. ಹೊಳಿಸಾಲಿನವರ ಅಂಗಳಕ್ಕ ಹೋದದ್ದು ಆ ನೀರು.

ಉಣಕಲ್ ದಂಡಿ · ಸೆಪ್ಟೆಂಬರ್ 28

ತೋರಿಸುತ್ತೀನಿ ಸರ.

ಮಲಪ್ರಭಾ ಹೊಳಿಸಾಲು · ಸೆಪ್ಟೆಂಬರ್ 29

ಒಲಿ ಮುಂದಿನ ಅಕ್ಕಾರ, ಹೆಂಡತಿಗೆ ಹೇಳಿದೆ. ಮುಂದಿನ ರವಿವಾರ ಮಾಡೂದೈತಿ. ಕಿಡಕಿ ಎರಡೂ ತಗದಿಟ್ಟು ನೋಡ್ತೀನಿ. ಹೋದ ವರ್ಷದ ಈಸ್ಟ್ ಡಬ್ಬಿ ಒಡದದ್ದು ಫ್ರಿಜ್ಜಿನಾಗ ಹಂಗ ಐತಿ, ಅದು ನಡೀತೈತೋ, ಹೊಸಾದು ತರಲೋ?

ಒಲಿ ಮುಂದಿನ ಮಾತು · ಸೆಪ್ಟೆಂಬರ್ 29

ಬೆಚ್ಚನ ನೀರಿಗೆ ಚೂರು ಸಕ್ರಿ ಹಾಕಿ ಒಂದು ಚಮಚ ಉದುರಿಸಿ ನೋಡು. ಹತ್ತು ನಿಮಿಷಕ್ಕ ನೊರಿ ಬಂದ್ರ ಜೀವ ಅದ. ಬರಲಿಲ್ಲಂದ್ರ ಚೆಲ್ಲಿ ಹೊಸಾದು ತಾ.